ಅನ್ನನಾಳಕ್ಕೂ ಮಹಾಧಮನಿಗೂ ನಡುವೆ

ತುತ್ತು ಮೊದಲ ಸಲ ಎದೆಯಲ್ಲಿ ನಿಂತದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನೊಂದು ಹೇಳುತ್ತೇನೆ, ನನ್ನ ಗಂಡ ಇನ್ನೊಂದು ಹೇಳುತ್ತಾರೆ. ನನ್ನ ಪ್ರಕಾರ ಅದು ಶಾಲೆಯಲ್ಲಿ, ಊಟದ ಬಿಡುವಿನಲ್ಲಿ, ಡಬ್ಬಿಯ ಜೋಳದ ರೊಟ್ಟಿ ತಿನ್ನುವಾಗ. ಅವರ ಪ್ರಕಾರ ಮನೆಯಲ್ಲಿ, ಹಬ್ಬದ ದಿನ, ಗೋದಿ ಹುಗ್ಗಿ ಉಣ್ಣುವಾಗ.

"ಹುಗ್ಗಿ ಎಲ್ಲಿ ಸಿಗತದರಿ ಗಂಟಲದಾಗ? ಅದು ತಾನ ಜಾರಿ ಹೋಗತದ."

"ಅದನ್ನ ಹೇಳಾಕತ್ತೀನಿ. ಹುಗ್ಗಿನೂ ಸಿಕ್ಕಿತ್ತು. ಎದಿ ಗುದ್ದಕೊಂಡಿ, ನೀರ ಕುಡದಿ, ಮತ್ತ 'ಬೆಲ್ಲ ಕಮ್ಮಿ ಆಗ್ಯದ' ಅಂದಿ."

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾಯಿಲೆಗೆ ಒಂದು ಮೊದಲ ದಿನ ಇರಲೇಬೇಕು ಎನ್ನುವುದು ಅದನ್ನು ಹೇಳಲು ಕೂತವರ ಅವಸರ. ಕಾಯಿಲೆಗೆ ಅಂಥ ಅವಸರವೇನೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುವುದನ್ನೆಲ್ಲ ಹೀಗೇ ನಡೆಯಿತು ಎಂದು ಹಿಡಿಯಬೇಡಿ. ಹೀಗೆ ನಡೆದಿರಬೇಕು ಎಂದು ನಾವಿಬ್ಬರೂ ಜಗಳಾಡಿ ಉಳಿಸಿಕೊಂಡದ್ದು ಇದು. ನಿಮ್ಮಲ್ಲಿ ಯಾರಿಗಾದರೂ ರೊಟ್ಟಿ ಎದೆಯಲ್ಲಿ ನಿಲ್ಲುತ್ತಿದ್ದರೆ, ಅದನ್ನು ಯಾರಿಗೂ ಹೇಳದೆ ರೊಟ್ಟಿಯನ್ನು ಹಾಲಿನಲ್ಲಿ ಕಲಸಿ ನುಂಗುತ್ತಿದ್ದರೆ, ಹೇಳಿಬಿಡಿ. ನಾನು ಬಹಳ ದಿನ ಹಾಲಿನಲ್ಲಿ ಕಲಸಿದೆ.

ಆಗ ನಾನು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ನನ್ನ ಗಂಡ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲರ್ಕ್. ದಿನಾ ಬೆಳಿಗ್ಗೆ ಕುಂಭಾರಿ ಹಾದು ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವರು ಆ ಕಡೆ, ನಾನು ನಡೆದುಕೊಂಡು ಶಾಲೆಯ ಕಡೆ. ಕಾಯಿಲೆ ಬಂದ ಮೇಲೆ ಆ ಬಸ್ಸಿನಲ್ಲಿ ಇಬ್ಬರೂ ಒಂದೇ ಕಡೆ ಹೋಗುವಂತಾಯಿತು.

ಸೊಲ್ಲಾಪುರದ ಸರ್ಜನ್ ನಮ್ಮ ಕಡೆಯ ಕನ್ನಡದವರು. ನನ್ನ ಬಾಯಿಂದ ಇಳಿಸಿದ ಎಂಡೋಸ್ಕೋಪಿಯ ಕೊಳವೆ ಅರ್ಧ ದಾರಿಯಲ್ಲಿ ನಿಂತಿತ್ತು, ಮುಂದೆ ಹೋಗಿರಲಿಲ್ಲ. ಅಲ್ಲಿ ಚಿವುಟಿ ತೆಗೆದ ಚೂರಿನ ವರದಿ ಬಂದ ದಿನ ಅವರು ಕಾಯಿಲೆಯ ಹೆಸರನ್ನು ನನ್ನ ಗಂಡನಿಗೆ ಹೇಳಲಿಲ್ಲ, ನನಗೆ ಹೇಳಿದರು. ಅದಕ್ಕೆ ನಾನು ಇಂದಿಗೂ ಋಣಿ. ಆಮೇಲೆ ಸಿ.ಟಿ. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಅನ್ನನಾಳದ ಗಂಟು ಇಲ್ಲಿ ಅದ. ಅದರ ಬಗಲಾಗ ಇದು ಮಹಾಧಮನಿ. ಹೃದಯದಿಂದ ಇಡೀ ಮೈಗೆ ರಕ್ತ ಒಯ್ಯೂದು ಇದ. ಗಂಟು ಇದಕ್ಕ ಅಂಟ್ಯದೋ, ಬರೇ ತಾಗ್ಯದೋ, ಈ ಫೋಟೋದಾಗ ತಿಳಿಯಾಂಗಿಲ್ಲ."

ಅವರು ತಮ್ಮ ಎರಡು ಅಂಗೈಗಳನ್ನು ನಮಸ್ಕಾರ ಮಾಡುವಂತೆ ಜೋಡಿಸಿದರು.

"ಹಿಂಗ ಅಂಟಿದ್ರ ನಾ ಕೈ ಹಾಕಾಂಗಿಲ್ರಿ ಅಕ್ಕೋರ. ಟೇಬಲ್ ಮ್ಯಾಲೇ ಹೋಗತೀರಿ." ಆಮೇಲೆ ಅಂಗೈಗಳನ್ನು ಸ್ವಲ್ಪ ಬಿಡಿಸಿದರು. "ಹಿಂಗಿದ್ರ ಹಾಕತೀನಿ. ಮೊದಲ ಕಿಮೋ ಕೊಡೋಣು. ಗಂಟು ಕುಗ್ಗಿ ಬಿಟಗೊಂಡರ ನೋಡೋಣು."

ನನ್ನ ಬದುಕು ಆ ಎರಡು ಅಂಗೈಗಳ ನಡುವೆ ಇತ್ತು. ಹೀಗೆ ಬರೆದರೆ ಬಹಳ ಚೆಂದ ಕೇಳಿಸುತ್ತದೆ, ಅದಕ್ಕೇ ನನಗೆ ಅನುಮಾನ. ಆ ಹೊತ್ತಿಗೆ ನಾನು ಯೋಚಿಸುತ್ತಿದ್ದದ್ದು, ಇವರು ಬೆರಳುಗಳನ್ನು ಎಷ್ಟು ಚೊಕ್ಕ ಇಟ್ಟುಕೊಂಡಿದ್ದಾರೆ, ನಮ್ಮ ಶಾಲೆಯ ಹುಡುಗರಿಗೆ ತೋರಿಸಬೇಕು ಎಂದು.

ಮನೆಯಲ್ಲಿ ಆ ಹೆಸರು ಯಾರೂ ಎತ್ತುತ್ತಿರಲಿಲ್ಲ. ಓಣಿಯವರು ಕೇಳಿದರೆ "ಗಂಟಲ ಬ್ಯಾನಿ" ಎನ್ನುತ್ತಿದ್ದೆವು. ನನ್ನ ಗಂಡ ಮಾತು ಕಡಿಮೆ ಮಾಡಿದರು, ಊಟ ನಿಧಾನ ಮಾಡಿದರು. ನನಗೆ ಗಂಜಿ ಮಾಡಿದರೆ ಅವರೂ ಅದನ್ನೇ ಉಣ್ಣುತ್ತಿದ್ದರು. ಕಾರ್ಖಾನೆಯಲ್ಲಿ ಮಧ್ಯಾಹ್ನ ಕದ್ದು ವಡಾಪಾವ್ ತಿನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ನನಗೆ ಅದರಿಂದ ಸಮಾಧಾನವೇ ಆಯಿತು.

ಆಗ ಮಂಗಳವೇಢೆ ಕಡೆಯ ಮರವಡೆ ಹಳ್ಳಿಯಿಂದ ದೊಡ್ಡವ್ವ ಬಂದಳು. ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ನನಗೆ ತಾಯಿ. ನಮ್ಮ ಮನೆತನದಲ್ಲಿ ನಾವು ಕೆಲವರು ಓದಿ ಪಟ್ಟಣ ಸೇರಿದೆವು, ಅವಳು ಹೊಲ ಮತ್ತು ಕುರಿಗಳ ಜೊತೆ ಉಳಿದಳು. ಕುರಿಗಾರರ ದೇವರು ಬೀರೋಬಾನ ಭಕ್ತೆ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಅದನ್ನು ಹಚ್ಚದೆ ಅವಳು ಯಾರನ್ನೂ ಎಲ್ಲಿಗೂ ಕಳಿಸುವವಳಲ್ಲ, ಕುರಿಯನ್ನೂ.

ಕಿಮೋಗೆ ಹೊರಟ ದಿನ ಬಸ್ಸು ಕಿಕ್ಕಿರಿದು ತುಂಬಿತ್ತು. ನಾವು ಅಷ್ಟು ಜತನದಿಂದ ಮುಚ್ಚಿಟ್ಟಿದ್ದ ಹೆಸರನ್ನು ದೊಡ್ಡವ್ವ ಮೆಟ್ಟಿಲ ಮೇಲೆ ನಿಂತೇ ಒದರಿದಳು.

"ಯಪ್ಪಾ, ಏಳ್ರಿ! ನನ ಮಗಳಿಗೆ ಕ್ಯಾನ್ಸರ ಅದ. ಸೀಟ ಬಿಡ್ರಿ!"

ಬಸ್ಸಿನ ಮುಂದಿನ ಅರ್ಧ ಭಾಗ ಎದ್ದು ನಿಂತಿತು. ನನ್ನ ವಿದ್ಯಾರ್ಥಿಯೊಬ್ಬನ ತಂದೆಯೂ ಎದ್ದರು. ನನ್ನ ಗಂಡ ಕಿಟಕಿಯ ಹೊರಗೆ ಮುಖ ತಿರುಗಿಸಿದರು. ನಾನು ಕೂತೆ. ಕೂತ ಮೇಲೆ, ಅಷ್ಟು ದಿನ ಹೆದರಿದ್ದ ಶಬ್ದ ಬರೀ ಒಂದು ಸೀಟಿನ ಬೆಲೆಯದಾಗಿ ಹೋಗಿತ್ತು. ಆಮೇಲೆ ಓಣಿಯಲ್ಲಿ ಯಾರಿಗೂ ಏನೂ ಹೇಳಬೇಕಾಗಲಿಲ್ಲ.

ಕಿಮೋ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಾಯಿ ತುಂಬ ಹುಣ್ಣು. ಕೂದಲು ದಿಂಬಿನ ಮೇಲೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತವರು ಒಬ್ಬರನ್ನೊಬ್ಬರು ಏನಾಗಿದೆ ಎಂದು ಕೇಳುತ್ತಿರಲಿಲ್ಲ, ಯಾವ ಊರು ಎಂದು ಕೇಳುತ್ತಿದ್ದರು. ಊರಿನ ಹೆಸರು ಹೇಳಿದ ಕೂಡಲೇ ಅಲ್ಲಿ ತಮಗೆ ಗೊತ್ತಿರುವ ಯಾರನ್ನೋ ಹೆಸರಿಸುತ್ತಿದ್ದರು. ಗೊತ್ತಿಲ್ಲದಿದ್ದರೂ ನಾನು ತಲೆ ಆಡಿಸುತ್ತಿದ್ದೆ. ಅದೊಂದು ಔಷಧವೇ.

ಎರಡನೇ ಸುತ್ತಿನ ನಂತರ ಒಂದು ಬೆಳಿಗ್ಗೆ ದೊಡ್ಡವ್ವ ಮೆತ್ತಗೆ ಬೇಯಿಸಿದ ಅನ್ನಕ್ಕೆ ಕುರಿಯ ಹಾಲಿನ ತುಪ್ಪ ಹಾಕಿ ಕೊಟ್ಟಳು. ತಿಂದೆ. ನೀರಿಗೆ ಕೈ ಚಾಚಿದವಳು ಹಾಗೇ ನಿಂತೆ. ತುತ್ತು ಎದೆಯಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ಹುಡುಕಿದೆ. ನುಂಗುವುದು ಎಂಥ ಕೆಲಸ ಎಂದು ನಾವು ಯಾರೂ ನೋಡಿರುವುದಿಲ್ಲ. ಬಾಯಿ ದಾಟಿದ ಮೇಲೆ ತುತ್ತು ನಮ್ಮ ಮಾತು ಕೇಳುವುದಿಲ್ಲ. ಯಾರೋ ಒಳಗಿನಿಂದ ಕೈಯಿಂದ ಕೈಗೆ ದಾಟಿಸಿಕೊಂಡು ಕೆಳಗಿಳಿಸುತ್ತಾರೆ. ಅವರು ಮತ್ತೆ ಕೆಲಸಕ್ಕೆ ಬಂದಿದ್ದರು. ಇನ್ನೊಂದು ತುತ್ತು ತಿಂದು ಪರೀಕ್ಷಿಸಿದೆ. ಅದೂ ಹೋಯಿತು. ನನಗೆ ಅಳು ಬರಲಿಲ್ಲ. ದೊಡ್ಡ ಗುಡಿಯೊಳಗೆ ಒಬ್ಬಳೇ ನಿಂತಂತೆ ಆಯಿತು.

ಆದರೆ ಸರ್ಜನ್ ಒಪ್ಪಲಿಲ್ಲ. ಹೊಸ ಸ್ಕ್ಯಾನ್ ಹಾಳೆ ನೋಡಿ ತಲೆ ಅಲ್ಲಾಡಿಸಿದರು.

"ಗಂಟು ಕುಗ್ಗ್ಯದ. ಖರೇ. ಆದ್ರ ನನಗ ಬೇಕಾದ್ದು ಅದಲ್ಲ. ಮಹಾಧಮನಿ ಬಿಟ್ಟದೋ ಇಲ್ಲೋ, ಇದು ಈಗೂ ಹೇಳವಲ್ಲದು."

ಆಮೇಲೆ ಒಂದು ಸುದ್ದಿ ಹೇಳಿದರು. ಮುಂಬಯಿಯ ಡಾಕ್ಟರೊಬ್ಬರು ಹೊಸ ಯಂತ್ರ ತಂದು ಸೊಲ್ಲಾಪುರದಲ್ಲಿ ಒಂದು ದಿನ ಡಾಕ್ಟರುಗಳಿಗೆ ತೋರಿಸಲಿದ್ದಾರೆ. ಎಂಡೋಸ್ಕೋಪಿಯ ಕೊಳವೆಯ ತುದಿಗೆ, ಬಸುರಿಯರ ಹೊಟ್ಟೆಯ ಮೇಲೆ ಇಡುತ್ತಾರಲ್ಲ, ಅಂಥ ಶಬ್ದದ ಕಣ್ಣು. ಅನ್ನನಾಳದೊಳಗೇ ಇಳಿದು ಅಲ್ಲಿಂದ ಗೋಡೆಯ ಆಚೆ ನೋಡುತ್ತದೆ. ಪಕ್ಕದ ಸಭಾಗೃಹದಲ್ಲಿ ಡಾಕ್ಟರುಗಳು ಟೀವಿಯಲ್ಲಿ ಅದನ್ನು ನೋಡುತ್ತಾರೆ. ನಾಲ್ಕೈದು ರೋಗಿಗಳಿಗಷ್ಟೇ ಸಮಯ. "ನಿಮ್ಮ ಹೆಸರ ಕೊಟ್ಟೀನಿ. ಆ ದಿನ ತಪ್ಪಿದ್ರ ಮುಂಬಯಿಗೆ ಹೋಗಬೇಕು. ಅಲ್ಲಿ ಪಾಳಿ ಬರೂದರಾಗ ಗಂಟು ಮತ್ತ ಬೆಳೀತದ. ನೀರೂ ಕುಡೀಬ್ಯಾಡ್ರಿ, ಏನೂ ಬಾಯಾಗ ಹಾಕಬ್ಯಾಡ್ರಿ."

ಈ ಮಾತನ್ನು ನಾವು ದೊಡ್ಡವ್ವನಿಗೂ ಹೇಳಿದೆವು. ಅವಳು ನಮಗಿಂತ ಕಟ್ಟುನಿಟ್ಟು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗಲೂ ಬಾಗಿಲಲ್ಲಿ ನಿಂತು ಕಾವಲು ಕಾದಳು. ಹೊರಡುವ ಹೊತ್ತಿಗೆ ಚೀಲ ಬಿಚ್ಚಿ ನನ್ನ ಹಣೆಗೆ ಭಂಡಾರ ಹಚ್ಚಿದಳು. ಆಮೇಲೆ ಇನ್ನೊಂದು ಚಿಟಿಕೆ ತೆಗೆದಳು.

"ದೊಡ್ಡವ್ವಾ, ಬ್ಯಾಡ. ಏನೂ ಬಾಯಾಗ ಹಾಕಬಾರದು ಅಂದಾ..."

ಬೇಡ ಎನ್ನಲು ತೆರೆದ ಬಾಯಿಯಲ್ಲೇ ಅದು ಬಿತ್ತು.

"ಅನ್ನ ಅಲ್ಲ, ನೀರಲ್ಲ. ಬೀರೋಬಾ ಅದು. ಬೀರೋಬಾನ್ನ ತಿಂದ್ರ ಉಪಾಸ ಮುರೀತದೇನ?"

ಉಗುಳಬಹುದಿತ್ತು. ಉಗುಳಲಿಲ್ಲ. ನಮ್ಮವರಲ್ಲಿ ಭಂಡಾರ ಉಗುಳಿದವರನ್ನು ನಾನು ನೋಡಿಲ್ಲ. ಓದಿದವಳು, ವಿಜ್ಞಾನ ಕಲಿಸುವವಳು ಎಂಬುದೆಲ್ಲ ಆ ಗಳಿಗೆ ಕೆಲಸಕ್ಕೆ ಬರಲಿಲ್ಲ. ನೀರಿಲ್ಲದೆ ಆ ಪುಡಿ ಮೆಲ್ಲಗೆ, ಒಣಗಿದ ಗಂಟಲಿಗೆ ಅಂಟುತ್ತ ಇಳಿಯಿತು.

ಮುಂದಿನದನ್ನು ಎರಡು ಸಲ ಬರೆಯಬೇಕು. ಒಂದು ನನ್ನದು.

ಗಂಟಲಿಗೆ ಕಹಿ ಸ್ಪ್ರೇ ಹೊಡೆದರು. ನಾಲಿಗೆ ಬೇರೆಯವರದಾಯಿತು. ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ. ಕೈಯಲ್ಲಿ ಸೂಜಿ. ಎಡಮಗ್ಗುಲಿಗೆ ಮಲಗಿಸಿದರು. ನರ್ಸ್ ನನ್ನ ಕಿವಿಯ ಹತ್ತಿರ ಬಗ್ಗಿ "ತಾಯಿ, ಮೂಗಿನಿಂದ ಉಸಿರಾಡು, ಜೊಲ್ಲು ಬಂದರೆ ಬರಲಿ" ಎಂದು ಮರಾಠಿಯಲ್ಲಿ ಹೇಳಿ ಕೆನ್ನೆಯ ಕೆಳಗೆ ಟವೆಲ್ ಇಟ್ಟಳು. ಇದನ್ನು ಮಾಡಿಸಿಕೊಳ್ಳಲಿರುವವರಿಗೆ ಹೇಳುತ್ತೇನೆ: ಜೊಲ್ಲಿಗೆ ನಾಚಬೇಡಿ. ಅಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಆಮೇಲೆ ಪರದೆ ಕಂಡಿತು. ಬೂದಿ ಬಣ್ಣದ ದೊಡ್ಡ ವೃತ್ತ, ಅದರ ಅಂಚಿನಲ್ಲಿ ಕಪ್ಪಗೆ ದುಂಡಗೆ ಒಂದು. ಆ ಕಪ್ಪು ಬಡಿಯುತ್ತಿತ್ತು. ಅದು ನನ್ನದು ಎಂದು ನನಗೆ ತಿಳಿಯಿತು.

ಇಷ್ಟು ಸ್ಪಷ್ಟವಾಗಿ ನೆನಪಿದೆ. ಆದರೆ ಇದು ಆಗಿರಲಾರದು. ನಾನು ಮಲಗಿದ್ದದ್ದು ಡಾಕ್ಟರ ಕಡೆ ಮುಖ ಮಾಡಿ. ಪರದೆ ಇದ್ದದ್ದು ನನ್ನ ಬೆನ್ನ ಹಿಂದೆ. ನನ್ನ ಕಣ್ಣಿಗೆ ಬಿದ್ದಿರಬಹುದಾದದ್ದು ಡಾಕ್ಟರ ಕೋಟಿನ ಗುಂಡಿ ಮಾತ್ರ.

ನೋಡಿದವರು ನನ್ನ ಗಂಡ.

ಅವರನ್ನು ಹೊರಗೆ ಕೂರಿಸಿದ್ದರು. ಸಭಾಗೃಹದ ಬಾಗಿಲು ತೆರೆದಿತ್ತು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ದಪ್ಪ ಕನ್ನಡಕ. ಯಾರೂ ತಡೆಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತರು. ಪಕ್ಕದ ಡಾಕ್ಟರು ಯಾವ ಊರೆಂದು ಕೇಳಿದರಂತೆ.

"ಅಕ್ಕಲಕೋಟರಿ."

"ಪ್ರಾಕ್ಟೀಸ್ ಅಲ್ಲೇ ಏನ್ರಿ?"

"ಇಲ್ರಿ, ಎಂಐಡಿಸಿದಾಗ. ಬಾಳ ವರ್ಷ ಆತು."

"ಛಲೋ ಆತು ಬಿಡ್ರಿ, ಅಲ್ಲಿ ಡಾಕ್ಟರ ಬೇಕಾಗಿತ್ತು" ಎಂದು ಆ ಪುಣ್ಯಾತ್ಮರು ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದರಂತೆ.

ಮೊದಲು ಸಾದಾ ಕೊಳವೆ ಇಳಿಸಿದರು. ಟೀವಿಯಲ್ಲಿ ಕೆಂಪು ಗುಹೆ. ಗುಹೆಯ ಗೋಡೆಗೆ ಹಳದಿ. ಮುಂಬಯಿ ಡಾಕ್ಟರ ದನಿ ಸ್ಪೀಕರಿನಲ್ಲಿ ಬಂತು: ಇದೇನು? ಕೀವೇ? ಶಿಲೀಂಧ್ರವೇ? ಸಭೆ ಗುಜುಗುಜು ಎಂದಿತು. ಆಗ ಮುಂದಿನ ಸಾಲಿನಲ್ಲಿ ಮಂಗಳವೇಢೆಯ ಡಾಕ್ಟರೊಬ್ಬರು ಎದ್ದು ನಿಂತು ಕೂಗಿದರು: "ಅಹೋ ಸರ್, ಹಾ ಭಂಡಾರಾ ಆಹೇ!"

ಸರ್, ಇದು ಭಂಡಾರ ಎಂದು. ಇಡೀ ಸಭೆ ನಕ್ಕಿತು. ಮುಂಬಯಿ ಡಾಕ್ಟರು ನಗಲಿಲ್ಲ. ರೋಗಿ ತಿಂದಿದ್ದಾರೆ, ಮುಂದಿನವರನ್ನು ಕರೆಯಿರಿ ಎಂದರು.

ನನ್ನ ಗಂಡ ಹೇಳುವುದು ಇಷ್ಟು: "ನಾ ಎದ್ದ ನಿಂತೆ. ಏನ ಮಾತಾಡಿದ್ನೋ ಗೊತ್ತಿಲ್ಲ." ಮಂಗಳವೇಢೆಯ ಡಾಕ್ಟರು ಆಮೇಲೆ ನಮಗೆ ಹೇಳಿದ ಪ್ರಕಾರ ಅವರು ಮರಾಠಿ, ಕನ್ನಡ ಎರಡನ್ನೂ ಕೂಡಿಸಿ, ಅದು ಊಟ ಅಲ್ಲ, ಚಿಟಿಕೆ ಪುಡಿ, ನಮ್ಮ ದೊಡ್ಡವ್ವ ಹಾಕಿದ್ದು, ಇವತ್ತು ನೋಡದಿದ್ದರೆ ಇವಳಿಗೆ ಆಪರೇಷನ್ ಇಲ್ಲ, ಆಪರೇಷನ್ ಇಲ್ಲದಿದ್ದರೆ ಇವಳೇ ಇಲ್ಲ ಎಂದು ಬಿಸ್ಕತ್ತು ಹಿಡಿದ ಕೈಯನ್ನು ಟೀವಿಯ ಕಡೆ ಚಾಚಿ ಹೇಳಿದರಂತೆ. ಈ ಮನುಷ್ಯ ಡಾಕ್ಟರಲ್ಲ ಎಂದು ಎಲ್ಲರಿಗೂ ಆಗ ಗೊತ್ತಾಯಿತು, ಯಾರೂ ಹೊರಗೆ ಕಳಿಸಲಿಲ್ಲ.

ಮುಂದಿನವರನ್ನು ಕರೆಯಲಿಲ್ಲ. ಕೊಳವೆ ಮುಂದೆ ಸರಿಯಿತು. ಮೊದಲ ಸಲ ಅದು ನಿಂತಿದ್ದ ಇಕ್ಕಟ್ಟು ಬಂತು, ದಾಟಿತು. ಹೊಟ್ಟೆ ಬಂತು. ಹೊಟ್ಟೆ ಬರಿದಾಗಿತ್ತು. ಅಲ್ಲೊಂದು ಹಳದಿ ಗೆರೆ.

"ಪುಡಿ ಮಾತ್ರ. ತೊಳೆಯೋಣ" ಎಂದಿತು ದನಿ.

"ಕೆಳಗಿನ ತನಕ ಹೋಗ್ಯದ ನೋಡ್ರಿ ಸಾಹೇಬ್ರ!" ನನ್ನ ಗಂಡ ಇನ್ನೂ ನಿಂತೇ ಇದ್ದರು.

"ಹಳದಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಕೂತುಕೊಳ್ಳಿ."

ತೊಳೆದರು. ಆ ಕೊಳವೆ ತೆಗೆದು ಇನ್ನೊಂದು ಇಳಿಸಿದರು. ಟೀವಿಯಲ್ಲಿ ಬಣ್ಣ ಹೋಯಿತು. ಕೆಂಪಿಲ್ಲ, ಹಳದಿ ಇಲ್ಲ. ಬೂದಿ. ಇಲ್ಲಿಂದ ಮುಂದೆ ನನ್ನ ಗಂಡನ ಮಾತುಗಳನ್ನೇ ಕೊಡುತ್ತೇನೆ. ನನ್ನ ನೆನಪು ಬಂದದ್ದು ಇಲ್ಲಿಂದಲೇ.

"ದುಂಡಗ, ದೊಡ್ಡ ತಾಟ ಇದ್ದಂಗ. ನಡುವ ಕೊಳವಿ. ಸುತ್ತ ಪಟ್ಟಿ. ಬಿಳಿ, ಕರಿ, ಬಿಳಿ, ಕರಿ, ಬಿಳಿ. ನಮ್ಮ ಟವೆಲ್ ಅಂಚಿಗೆ ಹಾಕತಾರಲ್ಲ, ಹಂಗ. ಇಷ್ಟ ಚೊಕ್ಕ ನೇಯ್ಗಿ ನಮ್ಮ ಕಾರ್ಖಾನ್ಯಾಗ ಯಾರೂ ಮಾಡಾಂಗಿಲ್ಲ. ಡಾಕ್ಟರ ಅಂದ್ರು, ಇದು ಆಕಿ ಅನ್ನನಾಳದ ಗ್ವಾಡಿ, ಪದರ ಪದರ. ನಿನ್ನ ಜೋಡಿ ಇಷ್ಟ ವರ್ಷ ಸಂಸಾರ ಮಾಡೀನಿ, ಒಳಗ ನೀ ಹಿಂಗದೀ ಅಂತ ಯಾರಿಗೆ ಗೊತ್ತಿತ್ತು? ಒಂದ ಕಡಿ ಮಾತ್ರ ಪಟ್ಟಿ ಹರದಿತ್ತು. ಬರೇ ಕರಿ. ಅದರ ಆಚಿ ಒಂದು ದುಂಡಂದು, ಬಾವಿ ಇದ್ದಂಗ ಕರೇ ಕರಿ, ಬಡೀತಿತ್ತು. ನಾ ನನ್ನ ಕೈ ನಾಡಿ ಹಿಡಕೊಂಡ ಕೂತೆ. ಅದು ಬ್ಯಾರೆ ಬಡೀತಿತ್ತು, ಇದು ಬ್ಯಾರೆ."

ಇದನ್ನು ಅವರು ಎಷ್ಟು ಸಲ ಹೇಳಿದರೋ. ಹೇಳುತ್ತ ಹೇಳುತ್ತ ಅವರ ಕಣ್ಣಿನಿಂದ ಅದು ನನ್ನ ಕಣ್ಣಿಗೆ ಬಂತು. ನನ್ನ ಎದೆಯೊಳಗಿನದನ್ನು ಇನ್ನೊಬ್ಬರಿಂದ ಸಾಲ ತಂದಂತೆ ನೆನೆಯುತ್ತೇನೆ. ಬೇರೆ ದಾರಿಯೂ ಇಲ್ಲ. ನನ್ನ ದೇಹದೊಳಗೆ ನಾನಿರುವುದು ನಿಜ, ಆದರೆ ಒಳಗೆ ಹೋಗಿ ನೋಡಿ ಬಂದವಳು ನಾನಲ್ಲ.

ಯಂತ್ರ ಆ ಎರಡು ಕಪ್ಪುಗಳ ನಡುವೆ ಬಹಳ ಹೊತ್ತು ಹಿಂದೆ ಮುಂದೆ ಆಡಿತಂತೆ. ಮುಂಬಯಿ ಡಾಕ್ಟರು ಹೇಳಿದ್ದನ್ನು ನಮ್ಮ ಸರ್ಜನ್ ಆಮೇಲೆ ನನಗೆ ತಿಳಿಸಿ ಹೇಳಿದರು. ಪಟ್ಟಿ ಹರಿದ ಜಾಗದ ಆ ಕಪ್ಪು ತೇಪೆ ಕಿಮೋಗೆ ಸತ್ತ ಗಂಟಿನ ಕಲೆಯೋ, ಇನ್ನೂ ಬದುಕಿರುವ ರೋಗವೋ, ಈ ಯಂತ್ರಕ್ಕೆ ಎರಡೂ ಒಂದೇ ಕಾಣುತ್ತದೆ. ಅದನ್ನು ಅವರು ಹೇಳಲಾರರು, ಹೇಳುವುದೂ ಇಲ್ಲ. ಆದರೆ ತೇಪೆಗೂ ಮಹಾಧಮನಿಗೂ ನಡುವೆ ಕೂದಲೆಳೆಯಷ್ಟು ಬೆಳ್ಳಗಿನ ಗೆರೆಯೊಂದು ಕಾಣುತ್ತದೆ. ಉದ್ದಕ್ಕೂ ಕಾಣುತ್ತದೆ. ಅಲ್ಲಿ ಸಂದು ಇರಬೇಕು.

"ಇರಬೇಕು ಅಂದ್ರ?" ಎಂದು ಕೇಳಿದೆ.

"ಇರಬೇಕು ಅಂದ್ರ ಇರಬೇಕು, ಅಷ್ಟ. ತೆಗದ ನೋಡಿದಾಗ ಗೊತ್ತು. ಈಗ ನೀವು ಹೂಂ ಅಂದ್ರ ನಾ ಹೂಂ."

ಅಷ್ಟು ದೊಡ್ಡ ಯಂತ್ರ, ಅಷ್ಟು ಓದಿದ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ನನಗೆ ಧೈರ್ಯ ಕೊಟ್ಟಿತು. ಖಂಡಿತ ಎಂದಿದ್ದರೆ ನಾನು ಹೆದರುತ್ತಿದ್ದೆ. ಹೂಂ ಅಂದೆ.

ದೊಡ್ಡವ್ವನಿಗೆ ನನ್ನ ಗಂಡ ಭಂಡಾರದ ಸುದ್ದಿಯನ್ನು ಸಿಟ್ಟಿನಿಂದಲೇ ಹೇಳಿದರು. "ಇನ್ನ ಸ್ವಲ್ಪದಾಗ ಎಲ್ಲಾ ಹಾಳಾಗಿ ಹೋಗತಿತ್ತು, ಗೊತ್ತದೇನ? ಅಷ್ಟೂ ಡಾಕ್ಟರಗೋಳ ಮುಂದ ಟೀವ್ಯಾಗ ಬಂತು ನಿನ್ನ ಭಂಡಾರ!"

"ಅಷ್ಟೂ ಮಂದಿ ನೋಡಿದ್ರ?"

"ಅಷ್ಟೂ ಮಂದಿ!"

"ಹಂಗಾದ್ರ ಅವರಿಗೂ ದರ್ಶನ ಆತು ಬಿಡು" ಎಂದು ದೊಡ್ಡವ್ವ ಕೈ ಜೋಡಿಸಿದಳು. ಆದರೆ ಆಪರೇಷನ್ ದಿನ ಅವಳು ಚಿಟಿಕೆಯನ್ನು ನನ್ನ ಹಣೆಗಷ್ಟೇ ಹಚ್ಚಿದಳು. ಇನ್ನೊಂದು ಚಿಟಿಕೆಯನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಆಪರೇಷನ್ ಬಗ್ಗೆ ನನಗೆ ಗೊತ್ತಿರುವುದು ಏನೂ ಇಲ್ಲ. ಬೆಳಕು, ಆಮೇಲೆ ಬೇರೆ ಬೆಳಕು. ಕುತ್ತಿಗೆಯಲ್ಲಿ ಹೊಲಿಗೆ, ಹೊಟ್ಟೆಯಲ್ಲಿ ಹೊಲಿಗೆ, ಎದೆಯ ಮೇಲೆ ಒಂದೂ ಇಲ್ಲ. ಅನ್ನನಾಳವನ್ನು ತೆಗೆದು, ಜಠರವನ್ನೇ ಮೇಲಕ್ಕೆಳೆದು ಕುತ್ತಿಗೆಗೆ ಜೋಡಿಸಿದ್ದರು. ದನಿ ಹೋಗಿತ್ತು, ಪಿಸುಗುಟ್ಟುತ್ತಿದ್ದೆ. ಬರುತ್ತದೆ ಎಂದಿದ್ದರು, ಮೆಲ್ಲಗೆ ಬಂತು.

ತೆಗೆದ ಭಾಗದ ವರದಿ ಹಿಡಿದು ಸರ್ಜನ್ ವಾರ್ಡಿಗೆ ಬಂದರು. ಬಹಳಷ್ಟು ಕಲೆ ಎಂದರು. ಅಲ್ಲಲ್ಲಿ ಒಂದಿಷ್ಟು ರೋಗದ ಕಣಗಳು ಇನ್ನೂ ಇದ್ದವು, ಅಂಚಿನ ತನಕ ಬಂದಿರಲಿಲ್ಲ. ಯಂತ್ರ ಬೇರ್ಪಡಿಸಲಾರದೆ ಹೋದದ್ದು ನಿಜಕ್ಕೂ ಎರಡೂ ಕೂಡಿಯೇ ಇತ್ತು. ಇನ್ನು ಮುಂದೆ ಆಗಾಗ ಬಂದು ತೋರಿಸಿಕೊಳ್ಳಬೇಕು. ನಾನು ಈಗಲೂ ಹೋಗುತ್ತೇನೆ. ಪ್ರತಿ ಸಲ ಆ ಬೆಂಚಿನಲ್ಲಿ ಕೂತಾಗ ಯಾರೋ ಯಾವ ಊರು ಎಂದು ಕೇಳುತ್ತಾರೆ.

ಅವತ್ತು ನನ್ನ ಗಂಡ ಔಷಧಿ ತರಲು ಹೋಗಿದ್ದರು. ನಾನು ಪಿಸುಗುಟ್ಟಿ ಕೇಳಿದೆ: "ಡಾಕ್ಟರ, ಸಂದು ಇತ್ತೇನ್ರಿ?"

ಅವರು ಬಗ್ಗಿ ಕೇಳಿಸಿಕೊಂಡರು. ಸ್ಟೂಲು ಎಳೆದು ಕೂತರು.

"ಇತ್ರಿ ಅಕ್ಕೋರ. ನಿಮ್ಮ ಎದಿ ತೆರದಿಲ್ಲ ನಾವು. ಹೊಟ್ಟಿ ಕಡಿಂದ ಕೈ ಹಾಕತೀವಿ, ಹೃದಯದ ಹಿಂದ. ಅಲ್ಲಿ ಕಣ್ಣಿಗೆ ಏನೂ ಕಾಣಾಂಗಿಲ್ಲ. ಬೆರಳಿಗೆ ತಿಳದಷ್ಟ. ಗಂಟಿನ ತನಕ ಹೋದೆ, ಅಲ್ಲಿ ನಿಂತೆ. ಹೋಗತದೋ ಇಲ್ಲೋ ಅಂತ ನನಗೂ ಗೊತ್ತಿರಲಿಲ್ಲ. ಮೆಲ್ಲಕ ನೂಕಿದೆ. ಬೆರಳ ಹೋತು."

"ಹೆಂಗಿತ್ರಿ ಅಲ್ಲಿ?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ.

"ಬೆಚ್ಚಗಿತ್ತು" ಎಂದರು. "ಒಂದ ಕಡಿ ಗಂಟು, ಕಲ್ಲಾಗಿತ್ತು. ಇನ್ನೊಂದ ಕಡಿ ಮಹಾಧಮನಿ. ಬೆರಳಿನ ಬೆನ್ನಿಗೆ ಬಡೀತಿತ್ತು. ಬಾಳ ಜೋರ ಬಡೀತದರಿ ಅದು. ಮಂದಿಗೆ ಗೊತ್ತಿರಾಂಗಿಲ್ಲ."

"ಯಾವ ಬೆರಳ್ರಿ?"

ಅವರು ನಕ್ಕು ಬಲಗೈ ಮುಂದೆ ಮಾಡಿ ನಡುಬೆರಳು ತೋರಿಸಿದರು. ಎಲ್ಲರ ಬೆರಳಿನಂಥದೇ ಬೆರಳು. ಗಣ್ಣಿನ ಮೇಲೆ ಒಂದೆರಡು ನರೆತ ಕೂದಲು, ಸಾಬೂನಿಗೆ ಬಿಳಿಚಿದ ತೊಗಲು. ನಾನು ಅದನ್ನೇ ನೋಡುತ್ತ ಮಲಗಿದ್ದೆ. ಪಕ್ಕದ ಹಾಸಿಗೆಯವರು ಕರೆಯುವವರೆಗೂ ಅವರು ಕೈ ಹಿಂದೆಗೆಯಲಿಲ್ಲ.